ನೀರಿನ ಲೆಕ್ಕ ಕೇಳಿದ್ದಕ್ಕೆ

ಗ್ರಾಮಸಭೆಯಲ್ಲಿ ನಾನು ಕೇಳಿದ್ದು ಇಷ್ಟೇ. ಶುದ್ಧ ನೀರಿನ ಘಟಕದ ರಿಪೇರಿಗೆ ಬಿಲ್ ಆಗಿದೆ ಅಂತೀರಿ, ಹಾಗಿದ್ದರೆ ಘಟಕಕ್ಕೆ ಯಾಕೆ ಇನ್ನೂ ಬೀಗ ಬಿದ್ದಿದೆ?

ನಮ್ಮದು ಪಾವಗಡ ಸೀಮೆ. ಇಲ್ಲಿನ ಬೋರ್‌ವೆಲ್ ನೀರಿನ ಕಷ್ಟ ಹೊರಗಿನವರಿಗೆ ಅಷ್ಟು ಗೊತ್ತಿರುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಅದು ದಾಟಿದೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಕಾಯಿಸಿ ಕುಡಿದರೂ ಫ್ಲೋರೈಡ್ ಹೋಗುವುದಿಲ್ಲ. ಚಿಕ್ಕಂದಿನಿಂದ ಅದನ್ನೇ ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ದೊಡ್ಡವರಾದ ಮೇಲೂ ಕುಡಿಯುತ್ತಲೇ ಹೋದರೆ ಮಂಡಿ ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ನಗು ಬಂದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರನ್ನು ವರ್ಷವರ್ಷವೂ ನೋಡಿದ್ದೇನೆ. ಹದಿಮೂರು ವರ್ಷದ ಮಗು ತನ್ನ ನಗುವನ್ನು ಮುಚ್ಚಿಕೊಳ್ಳುವುದು ನೋಡಲು ಆಗುವುದಿಲ್ಲ. ಹಾಗಾಗಿ ಊರಿಗೆ ಆ ಘಟಕ ಬಂದಾಗ ನನ್ನಷ್ಟು ಖುಷಿ ಪಟ್ಟವರು ಬೇರೆ ಇರಲಿಲ್ಲ.

ನಾನು ಆ ಪ್ರಶ್ನೆ ಕೇಳಿದ್ದು 2022ರಲ್ಲಿ. ರಾಜ್ಯದಲ್ಲಿ ಬಿಜೆಪಿ ಸರ್ಕಾರ ಇತ್ತು. ಪಂಚಾಯಿತಿ ಕಟ್ಟಡದ ಮುಂದೆ ಶಾಮಿಯಾನ ಹಾಕಿದ್ದರು. ನನ್ನ ಪ್ರಶ್ನೆ ಕೇಳಿ ಪಿಡಿಒ ಫೈಲು ತಿರುವಲು ಶುರುಮಾಡಿದರು. ಅವರೇನೋ ಉತ್ತರ ಕೊಡುವವರೇ ಇದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು.

"ಮೇಷ್ಟ್ರೇ, ಸರ್ಕಾರಕ್ಕೆ ಕೆಟ್ಟ ಹೆಸರು ತರೋಕೆ ಅಂತಲೇ ಬಂದಿದ್ದೀರಾ? ನಿಮ್ಮಂಥ ಅರ್ಬನ್ ನಕ್ಸಲರಿಗೆ ದೇಶದಲ್ಲಿ ಒಳ್ಳೇದು ಆಗೋದೇ ಕಣ್ಣಿಗೆ ಬೀಳಲ್ಲ."

ಬೇರೆ ತಾಲ್ಲೂಕಿನಲ್ಲಿ ಈ ಮಾತಿಗೆ ಜನ ನಕ್ಕು ಸುಮ್ಮನಾಗಬಹುದಿತ್ತೇನೋ. ನಮ್ಮಲ್ಲಿ ಹಾಗಲ್ಲ. 2005ರ ಫೆಬ್ರವರಿಯಲ್ಲಿ ಇದೇ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಕ್ಯಾಂಪಿನ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿ ಪೊಲೀಸರನ್ನು ಕೊಂದಿದ್ದರು. ಸತ್ತ ಆ ಪೊಲೀಸರ ಮನೆಗಳ ದುಃಖ ಇನ್ನೂ ಆರಿಲ್ಲ. ಆ ಕೇಸಿನಲ್ಲಿ ಹೆಸರು ಸೇರಿದವರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಹೀಗಾಗಿ ನಕ್ಸಲ್ ಅಂದರೆ ನಮ್ಮ ಜನಕ್ಕೆ ಟಿವಿಯಲ್ಲಿ ಕೇಳುವ ಬೈಗುಳ ಅಲ್ಲ. ರಾತ್ರಿ ಬರುವ ಜೀಪು, ಠಾಣೆ, ವಕೀಲರ ಫೀಸು ಎಲ್ಲ ಕಣ್ಣ ಮುಂದೆ ಬರುತ್ತವೆ. ನನ್ನ ಜೊತೆ ಮಾತಾಡುತ್ತೇವೆ ಅಂತ ಬಂದಿದ್ದ ಸ್ತ್ರೀಶಕ್ತಿ ಸಂಘದ ಹೆಂಗಸರು ತಲೆ ತಗ್ಗಿಸಿಕೊಂಡರು. ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮ ಅಂಗಿ ಹಿಡಿದು ಎಳೆದ. ಪಿಡಿಒ ಫೈಲು ಮುಚ್ಚಿ, "ಮುಂದಿನ ವಿಷಯ" ಎಂದರು.

ನನ್ನನ್ನು ನಕ್ಸಲ್ ಅಂದವರ ಮನೆಗೂ ಅದೇ ಬೋರ್‌ವೆಲ್ ನೀರು ಬರುತ್ತದೆ. ಘಟಕ ನಿಂತ ಮೇಲೆ ಅವರೂ ಬೈಕಿಗೆ ಕ್ಯಾನು ಕಟ್ಟಿಕೊಂಡು ಪಕ್ಕದೂರಿಗೆ ಹೋಗುತ್ತಿದ್ದರು. ನನ್ನ ಮೇಲೆ ಅವರಿಗೆ ವೈಯಕ್ತಿಕ ದ್ವೇಷ ಏನೂ ಇರಲಿಲ್ಲ. ಅವತ್ತು ಉಳಿಯಬೇಕಾಗಿದ್ದದ್ದು ಬಿಲ್ಲು ಮಾಡಿಸಿಕೊಂಡವರ ಮಾನ. ಅದಕ್ಕೆ ನನ್ನ ಮಾತು ಸುಳ್ಳು ಅಂತ ತೋರಿಸಬೇಕಾಗಿರಲಿಲ್ಲ. ನಾನು ಎಂಥವನು ಅನ್ನುವ ಕಡೆಗೆ ಸಭೆಯ ಕಣ್ಣು ತಿರುಗಿಸಿದರೆ ಸಾಕಾಗಿತ್ತು. ತಿರುಗಿತು.

ಆ ರಾತ್ರಿ ನನಗೆ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರ ನೆನಪಾಯಿತು. 2020ರ ಫೆಬ್ರವರಿಯಲ್ಲಿ ಅವರಿಗೆ 101 ವರ್ಷ. ಪೌರತ್ವ ತಿದ್ದುಪಡಿ ಕಾಯ್ದೆ ಬೇಡ ಅಂತ ಆ ವಯಸ್ಸಿನಲ್ಲೂ ಪ್ರತಿಭಟನೆಗೆ ಬಂದು ಕೂರುತ್ತಿದ್ದರು. ಆಗ ದೊರೆಸ್ವಾಮಿಯವರನ್ನು ಶಾಸಕ ಬಸನಗೌಡ ಪಾಟೀಲ ಯತ್ನಾಳ ನಕಲಿ ಸ್ವಾತಂತ್ರ್ಯ ಹೋರಾಟಗಾರ, ಪಾಕಿಸ್ತಾನದ ಏಜೆಂಟ್ ಎಂದರು. ವಿಧಾನಸಭೆಯಲ್ಲಿ ದೊಡ್ಡ ಗದ್ದಲವೇ ಆಯಿತು. ದೊರೆಸ್ವಾಮಿ ಹೇಳುತ್ತಿದ್ದ ವಿಷಯ ಬದಿಗೆ ಸರಿಯಿತು. ಅವರು ನಿಜವಾಗಿ ಜೈಲಿಗೆ ಹೋಗಿದ್ದರಾ ಇಲ್ಲವಾ ಅನ್ನುವುದೇ ಚರ್ಚೆಯಾಯಿತು. 1942ರ ಚಳವಳಿಯಲ್ಲಿ ಜೈಲು ಕಂಡ ಮನುಷ್ಯ ನೂರು ದಾಟಿದ ಮೇಲೆ ಅದನ್ನು ಸಾಬೀತು ಮಾಡಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರು ಕಾಂಗ್ರೆಸ್ಸಿನ ಮನುಷ್ಯ ಅಂತ ಕೆಲವರು ಹೇಳಿದರು. ಅದೂ ನಿಲ್ಲದ ಮಾತು. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೇ ಪತ್ರ ಬರೆದು ಮತ್ತೆ ಜೈಲಿಗೆ ಹೋದವರು ಅವರು. ಬೆಂಗಳೂರಿನ ಕಸ ತಂದು ಸುರಿಯಬೇಡಿ ಅಂತ ಮಂಡೂರಿನ ಜನರ ಜೊತೆ ಕೂತಾಗ ರಾಜ್ಯದಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಇನ್ನು ಇಂದಿರಾ ಕಾಲದಲ್ಲಿ ಎದುರು ಮಾತಾಡಿದವರಿಗೆಲ್ಲ 'ವಿದೇಶಿ ಕೈ' ಅಂತ ಹಣೆಪಟ್ಟಿ ಹಚ್ಚುತ್ತಿದ್ದರಲ್ಲ, ಅದನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಈ ಚಾಳಿ ಒಂದೇ ಪಕ್ಷದ ಸೊತ್ತಲ್ಲ.

ಅದು ನನಗೆ 2023ರ ಚುನಾವಣೆ ಕಳೆದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಸರ್ಕಾರ ಬದಲಾಯಿತು. ಘಟಕಕ್ಕೆ ಬಿದ್ದ ಬೀಗ ಮಾತ್ರ ಹಾಗೇ ಇತ್ತು. ಮತ್ತೆ ಗ್ರಾಮಸಭೆ, ಮತ್ತೆ ಅದೇ ಪ್ರಶ್ನೆ. ಈ ಸಲ ಎದ್ದು ನಿಂತವರು ಇನ್ನೊಂದು ಪಕ್ಷದವರು. "ಮೇಷ್ಟ್ರು ಯಾವಾಗ ಭಕ್ತರಾದ್ರು? ಗ್ಯಾರಂಟಿ ಕೊಟ್ಟಿದ್ದು ನೋಡಿ ಹೊಟ್ಟೆಕಿಚ್ಚಾ? ಚಡ್ಡಿಗಳು ಹೇಳಿಕೊಟ್ಟು ಕಳಿಸಿದ್ದಾರೆ ಇವರನ್ನ." ಹಿಂದಿನ ಸಲ ನನ್ನ ಪರವಾಗಿ ಬೇಸರ ಮಾಡಿಕೊಂಡಿದ್ದ ಗೆಳೆಯರಲ್ಲಿ ಕೆಲವರು ಈಗ ನಕ್ಕರು. ನಕ್ಸಲ್ ಅಂದದ್ದಕ್ಕಿಂತ ಈ ನಗು ನನಗೆ ಜಾಸ್ತಿ ನೋವು ಕೊಟ್ಟಿತು. ಎದುರಿನವರು ಹಣೆಪಟ್ಟಿ ಹಚ್ಚಿದರೆ ಅನ್ಯಾಯ, ನಮ್ಮವರು ಹಚ್ಚಿದರೆ ತಮಾಷೆ ಅಂತಾದರೆ ಊರಲ್ಲಿ ಯಾರು ಬಾಯಿ ಬಿಡುತ್ತಾರೆ?

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ. ಊರಿನ ನೀರು, ಚರಂಡಿ, ಬೀದಿ ದೀಪದ ಮಾತಿಗೆ ಪಕ್ಷ ಅಡ್ಡ ಬರಬಾರದು ಅಂತ ತಾನೇ ಹಾಗೆ ಮಾಡಿರುವುದು? ಆದರೂ ಊರೊಳಗೆ ಎಲ್ಲರಿಗೂ ಒಂದೊಂದು ಬಣ್ಣ ಹಚ್ಚಿ ಇಟ್ಟಿದ್ದಾರೆ.

ಈ ಸಲ ನಾನು ಕೂರಲಿಲ್ಲ. ದನಿ ಏರಿಸಲೂ ಇಲ್ಲ. "ನಾನು ಯಾರ ಕಡೆಯವನು ಅಂತ ನೀವೇ ಏನಾದರೂ ಬರೆದುಕೊಳ್ಳಿ. ನನ್ನ ಪ್ರಶ್ನೆಯನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ" ಎಂದೆ. ಪಿಡಿಒ ಆ ಕಡೆ ಈ ಕಡೆ ನೋಡಿದರು. ಆಗ ಸಂಘದ ಹೆಂಗಸರಲ್ಲಿ ಒಬ್ಬರು, ನನ್ನ ಹಳೆಯ ವಿದ್ಯಾರ್ಥಿಯ ತಾಯಿ, ಎದ್ದು ಹೇಳಿದರು. "ಬರ್ಕೊಳ್ಳಿ ಸಾರ್. ಅದರ ಕೆಳಗೆ ನನ್ನ ಹೆಸರೂ ಹಾಕಿ. ಮಂಡಿ ನೋವು ನನ್ನದು, ಪಕ್ಷದ್ದಲ್ಲ." ಅವರ ಹಿಂದೆ ಇನ್ನೂ ಕೆಲವರು ಎದ್ದರು. ಪ್ರಶ್ನೆ ಪುಸ್ತಕಕ್ಕೆ ಏರಿತು.

ಬರೆದದ್ದಕ್ಕೆ ಉತ್ತರ ಬರಲಿಲ್ಲ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಬಂದ ಕಾಗದದಲ್ಲಿ ಫಿಲ್ಟರ್ ಬದಲಾಯಿಸಿದ್ದಕ್ಕೆ, ಮೋಟಾರು ರಿಪೇರಿಗೆ ಅಂತ ಹಣ ಕೊಟ್ಟ ವಿವರ ಇದೆ. ಬದಲಾಯಿಸಿದ ಫಿಲ್ಟರ್ ಎಲ್ಲಿ ಅನ್ನುವುದಕ್ಕೆ ವಿವರ ಇಲ್ಲ. ಅದರ ಮೇಲೆ ತಾಲ್ಲೂಕು ಪಂಚಾಯಿತಿಗೆ ದೂರು ಕೊಟ್ಟಿದ್ದೇವೆ. ಸಹಿ ಹಾಕಿದವರಲ್ಲಿ ನನ್ನನ್ನು ಅರ್ಬನ್ ನಕ್ಸಲ್ ಅಂದವರೂ ಇದ್ದಾರೆ.