ಹಳೆಯ ಕಾರಿಗೆ ಯಾವ ದರ್ಜೆಯ ಬಿಡಿಭಾಗ?

"ಗಾಡಿ ಇನ್ನೆಷ್ಟು ವರ್ಷ ಇಟ್ಕೊಳ್ತೀರಾ ಸಾರ್?"

ಈ ವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಕೇಳಿದ ಈ ಪ್ರಶ್ನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ನಮ್ಮದು 2002ರ ಮಾರುತಿ ಝೆನ್. ರಸ್ತೆಯುಬ್ಬು ಇಳಿಯುವಾಗಲೆಲ್ಲ ಮುಂದಿನ ಎಡಚಕ್ರದ ಕಡೆಯಿಂದ ಕಟಕಟ ಸದ್ದು ಬರುತ್ತಿತ್ತು. ಮೆಕ್ಯಾನಿಕ್ ಕಾರನ್ನು ಜಾಕ್ ಮೇಲೆತ್ತಿ, ಸಲಾಕೆಯೊಂದನ್ನು ಸಂದಿಗೆ ಕೊಟ್ಟು ಮೀಟಿದಾಗ ಬಾಲ್ ಜಾಯಿಂಟ್ (ಗೂಡಿನೊಳಗೆ ಗುಂಡು ತಿರುಗುವ ಕೀಲು) ತನ್ನ ಗೂಡಿನೊಳಗೆ ಅಲ್ಲಾಡುವುದು ನನ್ನ ಕಣ್ಣಿಗೇ ಕಾಣಿಸಿತು. ಅದರ ರಬ್ಬರ್ ಟೋಪಿ ಹರಿದು, ಒಳಗಿನ ಗ್ರೀಸು ಕೆಸರಿನೊಂದಿಗೆ ಬೆರೆತು ಕಪ್ಪು ಹಿಟ್ಟಿನಂತಾಗಿತ್ತು. ಅದೇ ಕಡೆಯ ಶಾಕ್ ಅಬ್ಸಾರ್ಬರಿನಿಂದ ಎಣ್ಣೆಯೂ ಸೋರಿತ್ತು. ಹೀಗಾಗಿ ಎರಡೂ ಬದಿಯ ಲೋವರ್ ಆರ್ಮ್ (ತುದಿಯಲ್ಲಿ ಬಾಲ್ ಜಾಯಿಂಟ್ ಇರುವ, ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು), ಒಂದು ಜೊತೆ ಶಾಕ್, ಒಂದಿಷ್ಟು ಬುಷ್‌ಗಳು (ಲೋಹದ ಭಾಗಗಳ ನಡುವಿನ ರಬ್ಬರ್ ಮೆತ್ತೆಗಳು) ಎಂದು ಚೀಟಿ ಬರೆದುಕೊಂಡು ಇಬ್ಬರೂ ಪೇಟೆಗೆ ಹೋಗಿದ್ದೆವು.

ಅಂಗಡಿಯವರು ಒರಟಾಗಿ ಕೇಳಲಿಲ್ಲ. ಗಿರಾಕಿಯ ದುಡ್ಡು ಉಳಿಸಬೇಕೆಂಬ ಕಾಳಜಿ ಅವರ ಮಾತಿನಲ್ಲಿ ನಿಜವಾಗಿಯೂ ಇತ್ತು. ನಾನು ಉತ್ತರಿಸುವ ಮೊದಲೇ ಅವರು ಎರಡು ಲೋವರ್ ಆರ್ಮ್‌ಗಳನ್ನು ಕೌಂಟರಿನ ಮೇಲಿಟ್ಟರು. ಒಂದು ಕಾರು ಕಂಪನಿಯದೇ ಡಬ್ಬಿಯಲ್ಲಿ ಬಂದದ್ದು. ಇನ್ನೊಂದು ತೆಳು ಪ್ಲಾಸ್ಟಿಕ್ ಚೀಲದಲ್ಲಿದ್ದದ್ದು, ಬೆಲೆ ಮೊದಲನೆಯದರ ಅರ್ಧಕ್ಕಿಂತಲೂ ಕಡಿಮೆ. "ಒಂದೆರಡು ವರ್ಷ ಅಂದ್ರೆ ಇದು ಸಾಕು ಸಾರ್, ಹಳೇ ಗಾಡಿಗೆ ಕಂಪನಿದು ಯಾಕೆ?" ಎಂದರು.

ನಮ್ಮ ಮೆಕ್ಯಾನಿಕ್ ಮಾತಾಡದೆ ಎರಡನ್ನೂ ಕೈಗೆತ್ತಿಕೊಂಡರು. ಕಂಪನಿಯ ಆರ್ಮ್‌ನಲ್ಲಿ ಬೆಸುಗೆಯ ಗೆರೆ ಒಂದೇ ಅಗಲಕ್ಕೆ ಸಾಗಿತ್ತು, ರಬ್ಬರ್ ಟೋಪಿ ಮೆತ್ತಗಿತ್ತು, ಬಾಲ್ ಜಾಯಿಂಟಿನ ಪಿನ್ನನ್ನು ತಿರುಗಿಸಲು ಹೆಬ್ಬೆರಳಿಗೆ ಸಾಕಷ್ಟು ಬಲ ಬೇಕಾಯಿತು. ಚೀಲದಲ್ಲಿದ್ದದ್ದರ ಮೇಲೆ ಕಪ್ಪು ಬಣ್ಣ ದಪ್ಪವಾಗಿ ಕೂತಿತ್ತು, ಬೆಸುಗೆಯ ಪಕ್ಕದಲ್ಲಿ ಲೋಹದ ಹನಿಗಳು ಹಾಗೆಯೇ ಉಳಿದಿದ್ದವು, ಪಿನ್ನು ಕಿರುಬೆರಳು ತಾಗಿದರೂ ವಾಲಾಡುತ್ತಿತ್ತು. ಹೊಸ ಬಾಲ್ ಜಾಯಿಂಟ್ ಬಿಗಿಯಾಗಿರಬೇಕು, ಡಬ್ಬಿಯಿಂದ ತೆಗೆಯುವಾಗಲೇ ಸಡಿಲವಾಗಿದ್ದರೆ ಅದು ಸವೆಯುವುದಕ್ಕೆ ಉಳಿದಿರುವುದೇ ಸ್ವಲ್ಪ ಎಂದು ಅವರು ವಿವರಿಸಿದರು. ಆಮೇಲೆ ಅವರು ಹೇಳಿದ ಒಂದು ಮಾತನ್ನು ಹಳೆಯ ಕಾರು ಇಟ್ಟುಕೊಂಡವರೆಲ್ಲರೂ ಕೇಳಬೇಕು ಎನಿಸುತ್ತದೆ: "ಸದ್ದು ಮಾಡೋ ಪಾರ್ಟಲ್ಲಿ ದುಡ್ಡು ಉಳ್ಸಿ ಸಾರ್, ಕಿತ್ಕೊಂಡು ಬೀಳೋ ಪಾರ್ಟಲ್ಲಿ ಬೇಡ."

ಇದರ ಹಿಂದಿನ ತರ್ಕ ಸರಳವಾಗಿದೆ. ಝೆನ್‌ನ ಮುಂಭಾಗದ್ದು ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಸೇರಿ ಒಂದೇ ಕಂಬದಂತಿರುವ ವ್ಯವಸ್ಥೆ. ಕಾರಿನ ತೂಕವನ್ನು ಸ್ಪ್ರಿಂಗ್ ಹೊರುತ್ತದೆ, ಆದರೆ ಚಕ್ರದ ಕೆಳತುದಿಯನ್ನು ಹಿಡಿದಿಟ್ಟುಕೊಳ್ಳುವುದು ಲೋವರ್ ಆರ್ಮ್ ಮತ್ತು ಅದರ ತುದಿಯ ಒಂದೇ ಒಂದು ಬಾಲ್ ಜಾಯಿಂಟ್. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ, ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಬರುವ ಎಳೆತವೆಲ್ಲ ಅದರ ಮೇಲೆಯೇ ಬೀಳುತ್ತದೆ. ಗುಂಡು ಗೂಡಿನಿಂದ ಹೊರಬಂದರೆ ಚಕ್ರ ಅಲ್ಲೇ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದೂ ಉಪಯೋಗವಿಲ್ಲ. ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಿನ ಬುಷ್ ಕೆಟ್ಟರೆ ಹಾಗಲ್ಲ. ಸದ್ದು ಬರುತ್ತದೆ, ತಿರುವಿನಲ್ಲಿ ಕಾರು ಕೊಂಚ ಹೆಚ್ಚು ವಾಲುತ್ತದೆ, ಮುಂದಿನ ವಾರ ಬದಲಿಸಿದರೂ ನಡೆಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಇನ್ನೆಷ್ಟು ವರ್ಷ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಆರ್ಮ್‌ಗಳೆರಡನ್ನೂ ಕಂಪನಿಯವೇ ತೆಗೆದುಕೊಂಡೆವು.

ಹಾಗೆಂದು ಎಲ್ಲವನ್ನೂ ಕಂಪನಿಯ ಡಬ್ಬಿಯಲ್ಲೇ ಕೊಳ್ಳಬೇಕೆಂದು ನಾನು ವಾದಿಸುವುದಿಲ್ಲ. ಕಾರು ಕಂಪನಿಗಳು ಶಾಕ್ ಅಬ್ಸಾರ್ಬರುಗಳನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಗೇಬ್ರಿಯಲ್‌ನಂಥ ಸಂಸ್ಥೆಗಳು ಕಾರು ಕಾರ್ಖಾನೆಗಳಿಗೂ ಮಾಲು ಕೊಡುತ್ತವೆ, ತಮ್ಮದೇ ಹೆಸರಿನ ಡಬ್ಬಿಯಲ್ಲಿ ಪೇಟೆಗೂ ಬಿಡುತ್ತವೆ. ಸ್ಟೀರಿಂಗ್ ಮತ್ತು ಬಾಲ್ ಜಾಯಿಂಟುಗಳ ವಿಷಯದಲ್ಲಿ ಚೆನ್ನೈನ ರಾಣೆ ಸಮೂಹದ್ದೂ ಅಂಥದೇ ಹೆಸರು. ಇಂಥ ತಯಾರಕರ ಮಾಲನ್ನು ಊರು ಹೆಸರಿಲ್ಲದ ಚೀಲದ ಮಾಲಿನ ಜೊತೆ ಸೇರಿಸಿ ಎಲ್ಲವೂ "ಹೊರಗಿನದು" ಎಂದುಬಿಡುವುದು ತಪ್ಪು. ಇವೆರಡಕ್ಕಿಂತಲೂ ಅಪಾಯದ ಮೂರನೆಯ ಜಾತಿಯೊಂದಿದೆ: ಕಂಪನಿಯ ಹೆಸರನ್ನೇ ಅಚ್ಚು ಹಾಕಿದ ನಕಲಿ ಡಬ್ಬಿ. ಅದರಲ್ಲಿ ಗಿರಾಕಿ ಪೂರ್ತಿ ದುಡ್ಡನ್ನೂ ಕೊಟ್ಟು ಚೀಲದ ಮಾಲನ್ನು ಮನೆಗೆ ತರುತ್ತಾನೆ. ಆದ್ದರಿಂದ ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಸಸ್ಪೆನ್ಷನ್ ಭಾಗವನ್ನು ಕೊಳ್ಳಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಾಕ್‌ಗಳನ್ನು ತಯಾರಕರ ಸ್ವಂತ ಡಬ್ಬಿಯಲ್ಲೇ ತೆಗೆದುಕೊಂಡೆವು. ಇಲ್ಲಿಯೂ ತೀರಾ ಅಗ್ಗದ್ದನ್ನು ಮೆಕ್ಯಾನಿಕ್ ಬೇಡವೆಂದರು. ಸ್ಟ್ರಟ್‌ನಲ್ಲಿ ಶಾಕ್‌ನ ರಾಡು ಕುಲುಕಾಟವನ್ನು ತಣಿಸುವುದರ ಜೊತೆಗೆ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬವೂ ಆಗಿರುತ್ತದೆ. ಪಕ್ಕದಿಂದ ಬರುವ ಒತ್ತಡವನ್ನು ಅದು ಸದಾ ತಡೆದುಕೊಳ್ಳಬೇಕು. ರಾಡಿನ ಕ್ರೋಮ್ ಲೇಪನ ಎದ್ದರೆ ಸೀಲ್ ಹರಿಯುತ್ತದೆ, ಸೀಲ್ ಹರಿದರೆ ಎಣ್ಣೆ ಹೋಗುತ್ತದೆ, ಎಣ್ಣೆ ಹೋದರೆ ಟೈರು ನೆಲದ ಮೇಲೆ ಪುಟಿಯುತ್ತಾ ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆಯುತ್ತದೆ. ಶಾಕ್‌ನಲ್ಲಿ ಉಳಿಸಿದ ಹಣ ಟೈರಿಗೆ ಹೋಗುತ್ತದೆ.

ಬುಷ್‌ಗಳ ವಿಷಯದಲ್ಲಿ ನಾನು ಎಣಿಸಿರದ ಒಂದು ಸಂಗತಿ ತಿಳಿಯಿತು. ಕಂಪನಿಯ ಡಬ್ಬಿಯ ಬುಷ್‌ಗಳ ಚೀಟಿಯಲ್ಲಿ ಪ್ಯಾಕ್ ಮಾಡಿದ ತಿಂಗಳು ಮತ್ತು ವರ್ಷವನ್ನು ಓದಿದ ಮೆಕ್ಯಾನಿಕ್ ಅದನ್ನು ಹಿಂದಕ್ಕೆ ಸರಿಸಿದರು, ಏಕೆಂದರೆ ಅದು ತುಂಬಾ ಹಿಂದಿನದು. ಬುಷ್ಷನ್ನು ಎರಡು ಬೆರಳ ನಡುವೆ ಹಿಸುಕಿದಾಗ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ತೆರೆದುಕೊಂಡವು. ರಬ್ಬರ್ ಕಪಾಟಿನಲ್ಲಿ ಕೂತಲ್ಲೇ ಮುದಿಯಾಗುತ್ತದೆ. ಮೂಲ ಝೆನ್‌ನ ಉತ್ಪಾದನೆ 2006ರಲ್ಲೇ ನಿಂತಿತು, ಅಂದಮೇಲೆ ಅದರ ಭಾಗಗಳು ಅಂಗಡಿಗಳಲ್ಲಿ ನಿಧಾನವಾಗಿ ಕರಗುವುದು ಸಹಜ. ಹೆಸರು ಎಷ್ಟೇ ಅಸಲಿಯಾಗಿದ್ದರೂ ಹಳಸಿದ ರಬ್ಬರಿಗಿಂತ ಒಳ್ಳೆಯ ತಯಾರಕರ ತಾಜಾ ರಬ್ಬರ್ ಮೇಲು, ಹಾಗಾಗಿ ಬುಷ್‌ಗಳು ಹೊರಗಿನವೇ ಆದವು.

ಇಷ್ಟಾಗುವಾಗ ನಮ್ಮ ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ಬಂದು ನಿಂತರು. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಓಮ್ನಿ ಅವರದು. ಅವರಿಗೂ ಲೋವರ್ ಆರ್ಮ್ ಬೇಕಿತ್ತು, ಅವರಿಗೂ ಅದೇ ಪ್ರಶ್ನೆ ಬಂತು: ಗಾಡಿ ಇನ್ನೆಷ್ಟು ವರ್ಷ ಇಟ್ಕೊಳ್ತೀರಾ? "ಈ ವರ್ಷ ಓಡಿದ್ರೆ ಸಾಕಣ್ಣ" ಎಂದು ಹೇಳಿ, ನಾವು ಬದಿಗಿಟ್ಟ ಮಾಲಿನಂಥದೇ ಒಂದು ಚೀಲವನ್ನು ತೆಗೆದುಕೊಂಡು, ಮಧ್ಯಾಹ್ನ ಮಕ್ಕಳನ್ನು ಕರೆತರುವ ಹೊತ್ತಾಯಿತೆಂದು ಅವಸರದಲ್ಲಿ ಹೊರಟುಹೋದರು.

ಆ ಮನುಷ್ಯನನ್ನು ನಾನು ದೂರುವುದಿಲ್ಲ. ಮಕ್ಕಳ ಮೇಲೆ ಅವರಿಗೆ ನನಗಿಂತ ಹೆಚ್ಚು ಮಮತೆಯಿರಬಹುದು. ತಿಂಗಳ ಕಂತು, ಪೆಟ್ರೋಲು, ವಿಮೆ ಎಲ್ಲ ಕಳೆದು ಉಳಿಯುವ ಹಣದಲ್ಲಿ ಅವರು ಆಯ್ಕೆ ಮಾಡಬೇಕು, ಮತ್ತು ಆ ಆಯ್ಕೆಯನ್ನು ಅವರ ಮುಂದಿಡುವವರು ವರ್ಷಗಳ ಲೆಕ್ಕದಲ್ಲೇ ಇಡುತ್ತಾರೆ. ಅಂದಿನಿಂದ ಆ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ತಿರುವಿಹಾಕುತ್ತಿರುವುದು ಈ ಕಾರಣಕ್ಕೆ. ಗಾಡಿ ಎಷ್ಟು ವರ್ಷ ಉಳಿಯುತ್ತದೆ ಎಂಬುದು ಬಣ್ಣಕ್ಕೆ, ಸೀಟಿನ ಬಟ್ಟೆಗೆ, ಮ್ಯೂಸಿಕ್ ಸಿಸ್ಟಮ್ಮಿಗೆ ಸರಿಯಾದ ಲೆಕ್ಕ. ಬಾಲ್ ಜಾಯಿಂಟಿಗೆ ಬೇಕಾದ ಲೆಕ್ಕ ಬೇರೆ: ಗಾಡಿಯಲ್ಲಿ ಯಾರು ಕೂರುತ್ತಾರೆ, ಎಂಥ ರಸ್ತೆಯಲ್ಲಿ ಓಡುತ್ತದೆ, ಈ ಭಾಗ ಮುರಿದರೆ ಏನಾಗುತ್ತದೆ. ನಮ್ಮಲ್ಲಿ ಹಳೆಯ ವಾಹನಗಳನ್ನು ಓಡಿಸುವವರಲ್ಲಿ ಬಹಳಷ್ಟು ಮಂದಿ ಹೊಸದನ್ನು ಕೊಳ್ಳಲಾಗದವರು. ಅತಿ ಕೆಟ್ಟ ಗುಂಡಿಗಳ ಬಡಾವಣೆಗಳಲ್ಲಿ ಓಡಾಡುವವರೂ ಅವರೇ, ಅತಿ ಕೆಟ್ಟ ಲೋಹ ಕೊನೆಗೆ ಸೇರುವುದೂ ಅವರ ಚಕ್ರಗಳ ಕೆಳಗೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ನವೀಕರಿಸಬೇಕು. ಆದರೆ ಮಧ್ಯದ ಆ ಐದು ವರ್ಷಗಳಲ್ಲಿ ಕಾರಿನ ಕೆಳಗೆ ಏನು ಕೂತಿದೆ ಎಂಬುದನ್ನು ತೀರ್ಮಾನಿಸುವುದು ಇಂಥ ಕೌಂಟರಿನ ಮೇಲಿನ ಎರಡು ನಿಮಿಷದ ಮಾತುಕತೆ. ಅಂಗಡಿಯವರು ಅರಿತೋ ಅರಿಯದೆಯೋ ಬಹಳ ದೊಡ್ಡ ಜವಾಬ್ದಾರಿಯ ಜಾಗದಲ್ಲಿ ನಿಂತಿದ್ದಾರೆ.

ಜೋಡಣೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಒಳ್ಳೆಯ ಭಾಗವನ್ನು ಕೆಟ್ಟದಾಗಿ ಕೂರಿಸಿದರೆ ಈ ಚರ್ಚೆಯೆಲ್ಲ ವ್ಯರ್ಥ. ಆರ್ಮ್‌ನ ಬುಷ್ಷಿನ ಬೋಲ್ಟನ್ನು ನಮ್ಮ ಮೆಕ್ಯಾನಿಕ್ ಚಕ್ರ ನೇತಾಡುತ್ತಿದ್ದಾಗ ಅರ್ಧ ಮಾತ್ರ ಬಿಗಿದರು. ಕಾರನ್ನು ಇಳಿಸಿ, ಅದರ ತೂಕ ಚಕ್ರಗಳ ಮೇಲೆ ಬಂದ ನಂತರ ಗ್ಯಾರೇಜಿನ ಗುಂಡಿಗೆ ಇಳಿದು ಪೂರ್ತಿ ಬಿಗಿದರು. ಎತ್ತಿದ ಸ್ಥಿತಿಯಲ್ಲೇ ಬಿಗಿದುಬಿಟ್ಟರೆ ಕಾರು ನೆಲಕ್ಕಿಳಿದಾಗ ಬುಷ್ಷಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ಕಟಕಟ ಸದ್ದು ನಿಂತಿದೆ.

ಹಿಂದಿನ ಶಾಕ್‌ಗಳ ಕೆಲಸ ಬಾಕಿಯಿದೆ. ಅವನ್ನು ಕೊಳ್ಳಲು ಅದೇ ಅಂಗಡಿಗೆ ಹೋಗುತ್ತೇನೆ, ಬೇರೆಡೆಗೆ ಹೋಗುವುದಿಲ್ಲ. ಅಲ್ಲಿ ಬಿಲ್ ಕೊಡುತ್ತಾರೆ, ಡಬ್ಬಿ ಬಿಚ್ಚಿ ನೋಡಲು ಬಿಡುತ್ತಾರೆ. ಶಾಲೆಯ ವ್ಯಾನಿನವರು ಬಂದಾಗಲಾದರೂ ಮೊದಲು ಆ ಎರಡು ಪಿನ್ನುಗಳನ್ನು ಅವರ ಕೈಯಿಂದಲೇ ತಿರುಗಿಸಿ ತೋರಿಸಿ, ಆಮೇಲೆ ಬೆಲೆ ಹೇಳಿ ಎಂದು ಅಂಗಡಿಯವರನ್ನು ಕೇಳಿಕೊಳ್ಳಬೇಕೆಂದಿದ್ದೇನೆ.