ಆಕಾಶದ ಪೈ, ಕಾರವಾರದ ಐಸು

ಬೈತ್‌ಖೋಲ್ ಬಂದರದ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ನಾನು ಲೆಕ್ಕ ಬರೆಯುವವನು. ನನ್ನ ಮೇಜಿನ ಎದುರು ಗೋಡೆಗೆ ದೊಡ್ಡ ಬೋರ್ಡಿದೆ: ‘ಕಾಯಕವೇ ಕೈಲಾಸ’. ಅದರ ಕೆಳಗೇ ಬೆರಳು ಒತ್ತುವ ಹಾಜರಿ ಯಂತ್ರ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೈಲಾಸ ಕಟ್.

ಜೂನ್, ಜುಲೈ ಸೇರಿ 61 ದಿನ ಟ್ರಾಲರುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದ ಮೇಲೆ ಐಸ್ ಯಾರಿಗೆ ಬೇಕು? ನಮ್ಮ ಸಂಬಳವೂ ಅರ್ಧವಾಗುತ್ತದೆ. ಈ ಸಲ ಧೈರ್ಯ ಮಾಡಿ ಕೇಳಿದೆ. ಸಾವ್ಕಾರರು ಬೋರ್ಡಿನ ಕಡೆ ಕೈ ತೋರಿಸಿ, “ಎಲ್ಲ ಅವ ನೋಡ್ಕಳ್ತಾನೆ ಮಾರಾಯ” ಎಂದರು. ಅವ ಅಂದರೆ ಯಾರು, ಬಸವಣ್ಣನೋ ಶಿವನೋ, ಕೇಳುವಷ್ಟು ಧೈರ್ಯ ಉಳಿದಿರಲಿಲ್ಲ.

ಬೋರ್ಡು ಬರೆಸಿದವರು ವಚನದ ಬಾಲ ಮಾತ್ರ ಬರೆಸಿದ್ದಾರೆ. ಆಯ್ದಕ್ಕಿ ಮಾರಯ್ಯ ಹೇಳಿದ್ದು, ಕಾಯಕದಲ್ಲಿ ಮುಳುಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಅಂತ. ನಮ್ಮಲ್ಲಿ ಉಲ್ಟಾ. ಶುಕ್ರವಾರದ ಪೂಜೆಗೆ ಒಂದು ತಾಸು ಕೈ ಮುಗಿದು ನಿಲ್ಲಬೇಕು, ಆ ತಾಸನ್ನು ಸಂಜೆ ದುಡಿದು ತುಂಬಿಕೊಡಬೇಕು. ಮಾರಯ್ಯನ ಹೆಂಡತಿ ಲಕ್ಕಮ್ಮ, ಗಂಡ ಜಾಸ್ತಿ ಅಕ್ಕಿ ಆಯ್ದು ತಂದಾಗ ಅಲ್ಲೇ ಸುರಿದು ಬಾ ಎಂದವಳು. ಅಂಥವಳೊಬ್ಬಳು ನಮ್ಮಲ್ಲಿ ಆಡಿಟಿಗೆ ಬರಬೇಕಿತ್ತು.

ರಜೆಯಂತಿದ್ದ ಆ ದಿನಗಳಲ್ಲಿ ಮೊಬೈಲಿನಲ್ಲಿ ಜೋ ಹಿಲ್ ಸಿಕ್ಕಿದ. ಸ್ವೀಡನ್ನಿನಿಂದ ಅಮೆರಿಕಕ್ಕೆ ಹೋದ ಕೂಲಿಯವ. ಅಲ್ಲಿ ಕಾರ್ಮಿಕ ಸಂಘದವರು ಬೀದಿಯಲ್ಲಿ ಭಾಷಣ ಶುರುಮಾಡಿದರೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಘದ ಬ್ಯಾಂಡು ಬಂದು ಭಕ್ತಿಗೀತೆ ಬಾರಿಸಿ ಮಾತು ಮುಳುಗಿಸುತ್ತಿತ್ತು. ಇವರು ಜಗಳಕ್ಕೆ ಹೋಗಲಿಲ್ಲ. ಅದೇ ಧಾಟಿಗೆ ತಮ್ಮ ಮಾತು ಕೂರಿಸಿದರು. ಬ್ಯಾಂಡು ಪುಕ್ಕಟೆ! 1911ರಲ್ಲಿ ಅಚ್ಚಾದ ಜೋ ಹಿಲ್ ಹಾಡಿನಲ್ಲಿ ಪಾದ್ರಿ ಹಸಿದವನಿಗೆ ಹೇಳುತ್ತಾನೆ: ದುಡಿ, ಪ್ರಾರ್ಥನೆ ಮಾಡು, ಸತ್ತ ಮೇಲೆ ಆಕಾಶದಲ್ಲಿ ನಿನಗೆ ಪೈ ಸಿಗ್ತದೆ. ಪೈ ಅಂದರೆ ಅವರ ಕಡೆಯ ತಿಂಡಿ. ಕಾರವಾರದಲ್ಲಿ ಪೈ ಸಿಗಲು ಸಾಯಬೇಕಾಗಿಲ್ಲ, ಪೇಟೆಗೆ ಹೋದರೆ ಸಾಕು.

ನಾನೂ ಆರತಿ ಧಾಟಿಯಲ್ಲಿ ಎರಡು ಸಾಲು ಕಟ್ಟಿ ಐಸ್ ಒಡೆಯುವ ಹುಡುಗರಿಗೆ ಹೇಳಿಕೊಟ್ಟೆ:

ಸಂಬಳ ಸಿಗುವುದು ಸ್ವರ್ಗದಲಿ
ಬೋನಸು ಮುಂದಿನ ಜನ್ಮದಲಿ

ಸಾವ್ಕಾರರ ಕಾರು ಬಂದರೆ ಹುಡುಗರು ಬರೀ ‘ಲಾಲಾ’ ಹಾಡುತ್ತಾರೆ. ಅವರು ಭಕ್ತಿ ಅಂದುಕೊಂಡು ಒಳಗೆ ಹೋಗುತ್ತಾರೆ.

ಇಷ್ಟೆಲ್ಲ ಕಳ್ಳತನ ಕನಕದಾಸರಿಗೆ ಬೇಕಾಗಲಿಲ್ಲ. ಶಾಸ್ತ್ರ ಹೇಳುವವನನ್ನೂ ಕತ್ತಿ ಹಿಡಿದವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಎಲ್ಲಾರೂ ಮಾಡುವುದು ಹೊಟ್ಟೆಗಾಗಿ ಎಂದುಬಿಟ್ಟರು. ಆದಿಕೇಶವನ ಭಜನೆಗೆ ಮಾತ್ರ ರಿಯಾಯಿತಿ. ಜೋ ಹಿಲ್ ಆ ರಿಯಾಯಿತಿಯನ್ನೂ ಕೊಡುವವನಲ್ಲ. ನನಗೆ ಕನಕರೇ ಇಷ್ಟ. ಸುಮ್ನೆ ಹೇಳ್ತಿಲ್ಲ, ಶನಿವಾರದ ಭಜನೆಯಲ್ಲಿ ತಾಳ ಹಾಕುವವನು ನಾನು.

ಹೋದ ಶನಿವಾರ ಅದನ್ನೇ ಹಾಡಿದೆವು. ಮುಂದಿನ ಸಾಲಲ್ಲಿ ಕೂತ ಸಾವ್ಕಾರರು ‘ಹೊಟ್ಟೆಗಾಗಿ’ ಬಂದಾಗಲೆಲ್ಲ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟಿದರು. ತಟ್ಟೆಗೆ 500 ರೂಪಾಯಿ ಹಾಕಿದರು. ಸೋಮವಾರ ಕರೆದು, ಅದನ್ನು ಖರ್ಚಿಗೆ ಹಾಕು ಎಂದರು.

“ಯಾವ ಖಾತೆಗೆ ಬರೀಲಿ?”

“ಸ್ಟಾಫ್ ವೆಲ್‌ಫೇರ್.”