ಸ್ಪ್ಯಾನಿಷ್‌ನಲ್ಲಿ ‘ಬೆಳೆಯುವುದು’ ಅಂದ್ರೆ ಯಾವ ಬೆಳೆಯುವುದು?

14 ಮಾರ್ಚ್ 2025, ಶುಕ್ರವಾರ

ನನ್ನ ಹತ್ತಿರ ಸ್ಪ್ಯಾನಿಷ್ ಕಲಿಯುತ್ತಿರುವ ಹುಡುಗಿಯೊಬ್ಬಳು ಇವತ್ತು ಒಂದು ವಾಕ್ಯ ಬರೆದು ಕಳಿಸಿದ್ದಳು. ‘ಯೊ ಕ್ರೆಸ್ಕೊ ರೋಸಾಸ್.’ ನಾನು ಗುಲಾಬಿ ಬೆಳೆಯುತ್ತೇನೆ ಅಂತ ಹೇಳುವುದು ಅವಳ ಉದ್ದೇಶ. ನಿಘಂಟಿನಲ್ಲಿ ‘ಬೆಳೆ’ ಅಂತ ಹುಡುಕಿದರೆ ಮೊದಲು ಸಿಗುವುದೇ ‘ಕ್ರೆಸೆರ್’. ಅದನ್ನೇ ತೆಗೆದುಕೊಂಡಿದ್ದಾಳೆ. ನಮ್ಮ ಭಾಷೆಯಿಂದ ಹೋದವರು ಹೀಗೆ ಬರೆಯುವುದು ತೀರಾ ಸಹಜ. ಮಗು ಬೆಳೆಯುತ್ತದೆ, ರೈತ ಜೋಳ ಬೆಳೆಯುತ್ತಾನೆ. ಎರಡಕ್ಕೂ ನಮಗೆ ಒಂದೇ ಕ್ರಿಯಾಪದ ಸಾಕು.

ಸ್ಪ್ಯಾನಿಷ್ ಅಲ್ಲಿ ತಡೆದು ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತದೆ. ಇಲ್ಲಿ ಬೆಳೆಯುತ್ತಿರುವುದು ಯಾರು? ಗುಲಾಬಿಯೋ, ನೀನೋ?

ಈ ಪ್ರಶ್ನೆ ಹಿಡಿದುಕೊಂಡರೆ ಅರ್ಧ ಗೊಂದಲ ಕಳೆದ ಹಾಗೆ. ‘ಕ್ರೆಸೆರ್’ ಅಂದರೆ ತಾನಾಗಿ ಬೆಳೆಯುವುದು. ಸ್ಪೇನಿನ ಬಹುಭಾಗದಲ್ಲಿ ಇದನ್ನೇ ‘ಕ್ರೆಥೆರ್’ ಅಂತ ಉಚ್ಚರಿಸುತ್ತಾರೆ. ಲ್ಯಾಟಿನ್ನಿನ ‘ಕ್ರೆಸ್ಕೆರೆ’ಯಿಂದ ಬಂದ ಪದ. ಗುಲಾಬಿ, ಮಗು, ಉಗುರು, ಊರು, ಭಯ, ಇವೆಲ್ಲ ‘ಕ್ರೆಸೆರ್’ ಆಗುತ್ತವೆ. ಆದರೆ ‘ಏನನ್ನು’ ಎಂಬ ಪ್ರಶ್ನೆಗೆ ಈ ಕ್ರಿಯಾಪದದಲ್ಲಿ ಜಾಗ ಇಲ್ಲ. ಗುಲಾಬಿ ಬೆಳೆಯುವವರು ಮಾಡುವ ಕೆಲಸಕ್ಕೆ ಹೆಸರು ‘ಕುಲ್ತಿವಾರ್’. ‘ಕುಲ್ತಿವೊ ರೋಸಾಸ್’ ಅಂದರೆ ಮುಗಿಯಿತು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದಕ್ಕೂ ಅದೇ. ಒಂದು ಗೆಳೆತನವನ್ನು ನೀರೆರೆದು ಉಳಿಸಿಕೊಳ್ಳುವುದಕ್ಕೂ ಅದೇ.

ಮಕ್ಕಳ ವಿಷಯಕ್ಕೆ ಬಂದರೆ ‘ಕುಲ್ತಿವಾರ್’ ಕೆಲಸಕ್ಕೆ ಬರುವುದಿಲ್ಲ. ಮಕ್ಕಳನ್ನು, ಕೋಳಿ-ಕುರಿಗಳನ್ನು ಸಾಕಿ ಬೆಳೆಸುವುದು ‘ಕ್ರಿಯಾರ್’. ಈ ಪದ ನನಗೆ ತುಂಬಾ ಇಷ್ಟ. ಸೃಷ್ಟಿಸು ಎಂಬ ಅರ್ಥದ ‘ಕ್ರೆಯಾರ್’ ಇದರ ಒಡಹುಟ್ಟು, ಎರಡೂ ಒಂದೇ ಲ್ಯಾಟಿನ್ ಪದದಿಂದ ಹುಟ್ಟಿದವು. ಹುಟ್ಟಿಸುವುದು ಒಂದು ದಾರಿ ಹಿಡಿಯಿತು, ಸಾಕುವುದು ಇನ್ನೊಂದು ದಾರಿ ಹಿಡಿಯಿತು. ಗಾದೆಗಳಲ್ಲಿ ಉಳಿದುಕೊಂಡಿರುವುದು ಸಾಕುವ ‘ಕ್ರಿಯಾರ್’. ‘ಕ್ರೀಯಾ ಕುವೆರ್ಬೋಸ್ ಇ ತೆ ಸಕರಾನ್ ಲೋಸ್ ಓಖೋಸ್’ ಅನ್ನುತ್ತಾರೆ. ಕಾಗೆ ಸಾಕು, ಅವು ನಿನ್ನ ಕಣ್ಣನ್ನೇ ಕಿತ್ತಾವು ಅಂತ. ಹಾವಿಗೆ ಹಾಲೆರೆಯುವ ನಮ್ಮ ಮಾತಿಗೆ ಎಷ್ಟು ಹತ್ತಿರ ಅಲ್ವಾ? ಸತ್ತು ಮಣ್ಣಾದವರ ಬಗ್ಗೆ ಮಾತ್ರ ಸ್ಪೇನಿನಲ್ಲಿ ವಿಚಿತ್ರವಾಗಿ ‘ಕ್ರಿಯಾರ್ ಮಾಲ್ವಾಸ್’ ಅನ್ನುತ್ತಾರೆ. ಮಾಲ್ವಾ ಒಂದು ಕಾಡುಹೂವಿನ ಗಿಡ. ಗಿಡಕ್ಕೆ ‘ಕುಲ್ತಿವಾರ್’ ಅಂದೆನಲ್ಲ, ಇಲ್ಲಿ ಅದು ನಡೆಯುವುದಿಲ್ಲ. ಮಣ್ಣಿನಡಿ ಮಲಗಿದವರು ಬೇಸಾಯ ಮಾಡುವುದಿಲ್ಲ, ತಮ್ಮ ದೇಹವನ್ನೇ ಗಿಡಕ್ಕೆ ಉಣಿಸುತ್ತಾರೆ.

‘ನಾನು ಲಿಮಾದಲ್ಲಿ ಬೆಳೆದೆ’ ಅನ್ನಲು ಎರಡು ದಾರಿ ಇವೆ. ‘ಕ್ರೆಸೀ ಎನ್ ಲೀಮಾ’ ಅನ್ನಬಹುದು, ‘ಮೆ ಕ್ರಿಯೆ ಎನ್ ಲೀಮಾ’ ಅಂತಲೂ ಅನ್ನಬಹುದು. ಮೊದಲನೆಯದರಲ್ಲಿ ವರ್ಷಗಳು ಕಳೆದವು, ಎತ್ತರ ಆದೆ ಎಂಬುದು ಮುಂದೆ ನಿಲ್ಲುತ್ತದೆ. ಎರಡನೆಯದರಲ್ಲಿ ಆ ಮನೆ, ಆ ಬೀದಿ, ಸಾಕಿದ ಕೈಗಳು ಕಾಣುತ್ತವೆ. ಅಜ್ಜಿ ಸಾಕಿದ ಮಗುವಿನ ಕಥೆ ಆದರೆ ನಾನು ಯಾವಾಗಲೂ ಎರಡನೆಯದನ್ನೇ ಆರಿಸುತ್ತೇನೆ.

‘ಈ ಮಣ್ಣಿನಲ್ಲಿ ಇದು ಚೆನ್ನಾಗಿ ಬರುತ್ತದೆ’ ಅಂತೀವಲ್ಲ, ಅದಕ್ಕೂ ಒಂದು ಚಂದದ ರೂಪ ಇದೆ. ‘ಸೆ ದಾ ಬಿಯೆನ್.’ ಅಕ್ಷರಕ್ಕೆ ಅಕ್ಷರ ನೋಡಿದರೆ ‘ತನ್ನನ್ನು ಚೆನ್ನಾಗಿ ಕೊಟ್ಟುಕೊಳ್ಳುತ್ತದೆ’ ಅಂತ ಆಗುತ್ತದೆ. ಕೊಲಂಬಿಯಾದ ಬೆಟ್ಟದ ಇಳಿಜಾರುಗಳಲ್ಲಿ ಕಾಫಿ ‘ಸೆ ದಾ ಬಿಯೆನ್’. ಇಲ್ಲಿ ಕೆಲಸ ಮಾಡಿದವರ ಮಾತೂ ಇಲ್ಲ, ಗಿಡದ ಎತ್ತರದ ಮಾತೂ ಇಲ್ಲ. ನೆಲಕ್ಕೂ ಗಿಡಕ್ಕೂ ಹೊಂದಿಕೆಯಾಗಿದೆ ಅಂತಷ್ಟೇ.

ಮೈಮೇಲೆ ಬೆಳೆಯುವ ವಸ್ತುಗಳ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಮಗುವಿಗೆ ಹಲ್ಲು ಬಂತು, ಮೊಡವೆ ಎದ್ದಿತು, ಹುಡುಗನಿಗೆ ಮೀಸೆ ಬಂತು ಅನ್ನುತ್ತೇವೆ. ಹಲ್ಲು ಬೆಳೆಯಿತು ಅಂತ ಶುರುವಿಗೆ ಯಾರೂ ಅನ್ನುವುದಿಲ್ಲ. ಸ್ಪ್ಯಾನಿಷ್‌ನಲ್ಲೂ ಹಾಗೇ. ಹೊಸದಾಗಿ ಹೊರಗೆ ಕಾಣಿಸಿಕೊಳ್ಳುವುದಕ್ಕೆ ‘ಸಲೀರ್’, ಅಂದರೆ ಹೊರಬರುವುದು. ಹಲ್ಲು, ಮೊಡವೆ, ನರೆಗೂದಲು ಎಲ್ಲ ‘ಸಲೀರ್’. ಬಂದ ಮೇಲೆ ಉದ್ದ ಆಗುವುದು ‘ಕ್ರೆಸೆರ್’. ಇನ್ನು ಗಡ್ಡ ಬಿಡುವುದು! ಅವರೂ ಬಿಡುತ್ತಾರೆ. ‘ದೆಖಾರ್ಸೆ ಬಾರ್ಬಾ’ ಅನ್ನುವಾಗಿನ ‘ದೆಖಾರ್’ ಅಂದರೆ ಬಿಡು ಅಂತಲೇ ಅರ್ಥ. ಇಂಥ ಕಡೆ ನಿಘಂಟು ತೆರೆಯುವ ಮೊದಲು ನಮ್ಮ ಮಾತನ್ನೇ ಒಮ್ಮೆ ಕೇಳಿಸಿಕೊಳ್ಳಬೇಕು ಅಂತ ಅವಳಿಗೆ ಹೇಳಬೇಕು.

ಒಂದೇ ಸಲಕ್ಕೆ ಉದ್ದ ಎಳೆದುಕೊಳ್ಳುವ ವಯಸ್ಸಿನ ಮಕ್ಕಳಿಗೆ ‘ದಾರ್ ಉನ್ ಎಸ್ತಿರೋನ್’ ಎಂಬ ಮಾತಿದೆ. ‘ಎಸ್ತಿರಾರ್’ ಅಂದರೆ ಎಳೆದು ಉದ್ದ ಮಾಡುವುದು. ‘ದೊಡ್ಡವನಾದ ಮೇಲೆ ಡಾಕ್ಟರ್ ಆಗ್ತೀನಿ’ ಅನ್ನುವಲ್ಲಿ ‘ಕ್ರೆಸೆರ್’ಗಿಂತ ‘ಕುವಾಂದೊ ಸೇಯಾ ಮಯೋರ್’ ಸಹಜ. ಸ್ಪೇನಿನಲ್ಲಂತೂ ಮಕ್ಕಳ ಬಾಯಲ್ಲಿ ಜಾಸ್ತಿ ಕೇಳುವುದು ಇದೇ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಜೋಡಿ. ಕ್ರೆಸಿಮಿಯೆಂತೊ ಮತ್ತು ದೆಸಾರ್ರೊಯೊ. ಕನ್ನಡದಲ್ಲಿ ಎರಡಕ್ಕೂ ‘ಬೆಳವಣಿಗೆ’ ಅಂದುಬಿಡುತ್ತೇವೆ. ಪೆರುವಿನ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಚಿಕ್ಕ ಮಕ್ಕಳ ತಪಾಸಣೆಗೆ ‘ಕ್ರೆದ್’ ಅನ್ನುತ್ತಾರೆ. ಈ ಎರಡು ಪದಗಳ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು ಅದು. ತೂಕ, ಎತ್ತರ, ತಲೆಯ ಸುತ್ತಳತೆ ಇವು ಕ್ರೆಸಿಮಿಯೆಂತೊ. ಕೂರುವುದು, ನಡೆಯುವುದು, ಮಾತು ಕಲಿಯುವುದು ದೆಸಾರ್ರೊಯೊ. ಮೊದಲನೆಯದು ಟೇಪಿಗೆ ಸಿಗುತ್ತದೆ, ಎರಡನೆಯದನ್ನು ಮಗುವಿನ ಜೊತೆ ಕೂತು ನೋಡಬೇಕು. ಮಗು ತೂಕದಲ್ಲಿ ಸರಿಯಾಗಿದ್ದು ಮಾತಿನಲ್ಲಿ ಹಿಂದೆ ಇರಬಹುದು. ಅನುವಾದದಲ್ಲಿ ಈ ಎರಡನ್ನೂ ಒಂದೇ ಪದಕ್ಕೆ ಅದುಮಿದರೆ ತಾಯಿಗೆ ಬೇಕಾದ ಮಾಹಿತಿಯೇ ಕಳೆದುಹೋಗುತ್ತದೆ. ‘ದೆಸಾರ್ರೊಯಾರ್’ನ ಒಳಗೆ ಸುತ್ತಿದ್ದನ್ನು ಬಿಚ್ಚುವುದು ಎಂಬ ಅರ್ಥ ಇದೆ. ಮಗುವಿನ ಮಾತು ಬಿಚ್ಚಿಕೊಳ್ಳುವುದಕ್ಕೆ ಇದಕ್ಕಿಂತ ಸರಿಯಾದ ಪದ ಸಿಗಲಾರದು. ಹಾಂ, ಪತ್ರಿಕೆಯವರು ಬರೆಯುವ ‘ಇತ್ತೀಚಿನ ಬೆಳವಣಿಗೆಗಳು’ ಈ ಎರಡರಲ್ಲಿ ಯಾವುದೂ ಅಲ್ಲ. ಅದಕ್ಕೆ ಸುಮ್ನೆ ‘ನೊವೆದಾದೆಸ್’, ಹೊಸ ಸುದ್ದಿಗಳು ಅಂದರೆ ಸಾಕು.

ಹಣದ ಲೋಕದಲ್ಲಿ ಪದಗಳು ಬೇರೆ ರೀತಿ ಹಂಚಿಕೊಂಡಿವೆ. ಆರ್ಥಿಕತೆ ‘ಕ್ರೆಸೆರ್’ ಆಗುತ್ತದೆ. ಆದರೆ ಬೆಲೆ ‘ಸುಬೀರ್’, ಅಂದರೆ ಏರುತ್ತದೆ. ಸಂಬಳ ಹೆಚ್ಚಿದರೆ ‘ಔಮೆಂತೊ’. ಶೇಕಡಾ ಹೇಳುವಾಗ ಮುಂದೆ ‘ಉನ್’ ಸೇರಿಸುವುದು ವಾಡಿಕೆ. ‘ಕ್ರೆಸಿಯೋ ಉನ್ 2 ಪೋರ್ ಸಿಯೆಂತೊ’ ಅಂತ. ದೇಶದ ಒಟ್ಟು ಉತ್ಪನ್ನಕ್ಕೆ ಸ್ಪೇನಿನಲ್ಲಿ, ಮೆಕ್ಸಿಕೋದಲ್ಲಿ ‘ಪಿಬ್’ ಅನ್ನುತ್ತಾರೆ. ಪೆರು, ಅರ್ಜೆಂಟೀನಾಗಳಲ್ಲಿ ಅಕ್ಷರಗಳ ಕ್ರಮ ಬದಲಾಗಿ ‘ಪೆ-ಬೆ-ಇ’ ಆಗುತ್ತದೆ. ಯಾವ ದೇಶದವರಿಗೆ ಬರೆಯುತ್ತಿದ್ದೇವೆ ಅಂತ ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಹೂಡಿಕೆಯ ಜಾಹೀರಾತುಗಳಲ್ಲಿ ಈಗ ‘ಕ್ರೆಸೆ ತು ನೆಗೋಸಿಯೊ’ ಅಂತ ಕಾಣುತ್ತದೆ. ನಿನ್ನ ವ್ಯಾಪಾರವನ್ನು ಬೆಳೆ ಅಂತ ಅವರ ಅರ್ಥ. ಇದು ಇಂಗ್ಲಿಷ್‌ನ ನೆರಳು. ‘ಆಸ್ ಕ್ರೆಸೆರ್ ತು ನೆಗೋಸಿಯೊ’, ಬೆಳೆಯುವ ಹಾಗೆ ಮಾಡು ಅನ್ನಬೇಕು. ಭಾಷೆ ಬದಲಾಗುತ್ತದೆ, ಗೊತ್ತು. ಆದರೂ ಈ ಒಂದು ಸಣ್ಣ ‘ಆಸ್’ ಉಳಿಯಬೇಕು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ. ನಾವು ಮಾಡುವುದು ಎಷ್ಟು, ಅದು ತಾನಾಗಿ ಆಗುವುದು ಎಷ್ಟು ಎಂಬ ಗೆರೆ ಅದರಲ್ಲಿದೆ.

ಮೊಳಕೆ ಒಡೆಯುವುದು ‘ಬ್ರೊತಾರ್’, ಮೊಳಕೆ ‘ಬ್ರೋತೆ’. 2009ರ ಮೇ ತಿಂಗಳಲ್ಲಿ ಸ್ಪೇನಿನ ಆರ್ಥಿಕ ಸಚಿವೆ ಎಲೇನಾ ಸಲ್ಗಾದೊ ಆರ್ಥಿಕತೆಯಲ್ಲಿ ‘ಬ್ರೋತೆಸ್ ಬೆರ್ದೆಸ್’, ಹಸಿರು ಮೊಳಕೆಗಳು ಕಾಣುತ್ತಿವೆ ಅಂದರು. ನಿರುದ್ಯೋಗ ಮಾತ್ರ ಏರುತ್ತಲೇ ಹೋಗಿ 2013ರ ಆರಂಭದಲ್ಲಿ ಶೇಕಡಾ 26 ದಾಟಿತು. ಆ ಮೇಲೆ ಅಲ್ಲಿ ಆ ಎರಡು ಪದಗಳನ್ನು ಯಾರೇ ಆಡಿದರೂ ಕೇಳುವವರಿಗೆ ಆ ವರ್ಷಗಳು ನೆನಪಾಗುತ್ತವೆ. ರೋಗ ಒಂದು ಕಡೆ ಕಾಣಿಸಿಕೊಂಡರೆ ಅದೂ ‘ಬ್ರೋತೆ’ಯೇ. 2020ರ ಬೇಸಿಗೆಯಲ್ಲಿ ಸ್ಪೇನಿನ ಸುದ್ದಿಗಳ ತುಂಬ ‘ರೆಬ್ರೋತೆ’, ಮತ್ತೆ ಚಿಗುರಿದ ಸೋಂಕು.

ನಗರ ಹಬ್ಬುವುದಕ್ಕೆ ‘ಎನ್ಸಾಂಚೆ’ ಎಂಬ ಪದ ಇದೆ, ಅಗಲ ಮಾಡುವುದು ಅಂತ. 1860ರ ಹೊತ್ತಿಗೆ ಬಾರ್ಸಿಲೋನಾಗೆ ಸೆರ್ದಾ, ಮ್ಯಾಡ್ರಿಡ್‌ಗೆ ಕಾಸ್ತ್ರೊ ಎಂಬ ಎಂಜಿನಿಯರ್‌ಗಳು ಹಾಕಿಕೊಟ್ಟ ಯೋಜನೆಗಳ ಬಡಾವಣೆಗಳಿಗೆ ಇದೇ ಹೆಸರು. ನದಿ ಉಕ್ಕಿದರೆ ‘ಕ್ರೆಸೀದಾ’. ‘ಎಲ್ ರೀಯೊ ಬಿಯೆನೆ ಕ್ರೆಸೀದೊ’ ಅಂದರೆ ಹೊಳೆ ತುಂಬಿ ಬರುತ್ತಿದೆ. ಅಲ್ಲೂ ಹೊಳೆ ‘ಬರುತ್ತದೆ’ ನೋಡಿ. ಚಂದ್ರನ ಅರ್ಧ ಬೆಳೆದ ಹಂತ ‘ಕುವಾರ್ತೊ ಕ್ರೆಸಿಯೆಂತೆ’.

ಒಂದು ಕಡೆ ಮಾತ್ರ ತುಂಬಾ ಎಚ್ಚರ ಬೇಕು. ಆಸ್ಪತ್ರೆಯಲ್ಲಿ ದುಭಾಷಿಯಾಗಿ ಕೂತಾಗ ‘ಕುತ್ತಿಗೆಯಲ್ಲಿ ಏನೋ ಬೆಳೆದಿದೆ’ ಎಂಬ ಮಾತು ಬಂದರೆ ‘ಕ್ರೆಸಿಮಿಯೆಂತೊ’ ಅನ್ನಬಾರದು. ಕೇಳಿದವರಿಗೆ ಅರ್ಥವೇ ಆಗುವುದಿಲ್ಲ. ‘ಬುಲ್ತೊ’ ಅನ್ನಬೇಕು, ಗಂಟು. ‘ತುಮೋರ್’ ಅಂತಲೂ ಆತುರಪಡಬಾರದು. ಕೈಗೆ ಸಿಗುವುದು ಗಂಟು, ಅದು ಏನು ಅಂತ ಹೇಳಬೇಕಾದವರು ವೈದ್ಯರು. ರೋಗಿ ಆಡಿದ ಮಾತಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗದ ಪದ ‘ಬುಲ್ತೊ’. ಹೆದರಿ ಕೂತಿರುವ ಒಬ್ಬರ ಎದುರಿಗೆ ಅದು ಸಣ್ಣ ವಿಷಯ ಅಲ್ಲ.

ಬಿಟ್ಟುಹೋಗಬಾರದ ಇನ್ನೊಂದು ಇದೆ. ‘ಕ್ರೆಸೆರ್’ಗೆ ‘ಸೆ’ ಸೇರಿಸಿದರೆ ‘ಕ್ರೆಸೆರ್ಸೆ’. ಕಷ್ಟ ಬಂದಾಗ ಕುಗ್ಗುವ ಬದಲು ಧೈರ್ಯ ಏರಿಸಿಕೊಳ್ಳುವುದು. ಗೂಳಿಕಾಳಗದವರು ಈಟಿಯ ತಿವಿತಕ್ಕೆ ಹಿಂಜರಿಯದೆ ಇನ್ನಷ್ಟು ಮುನ್ನುಗ್ಗುವ ಗೂಳಿಗೆ ‘ಸೆ ಕ್ರೆಸೆ ಅಲ್ ಕಸ್ತೀಗೊ’ ಅನ್ನುತ್ತಾರೆ. ಆ ಆಟ ನನಗೆ ಹಿಡಿಸುವುದಿಲ್ಲ. ಪದ ಮಾತ್ರ ಆ ಕಣದಿಂದ ಎಂದೋ ಹೊರಗೆ ಬಂದಿದೆ. ಸೋಲುತ್ತಿರುವ ತಂಡ ಕೊನೆಯಲ್ಲಿ ಎದ್ದು ನಿಂತಾಗ ಫುಟ್‌ಬಾಲ್ ವೀಕ್ಷಕ ವಿವರಣೆಯಲ್ಲಿ ‘ಸೆ ಕ್ರೆಸಿಯೋ’ ಕೇಳಿಸುತ್ತದೆ. ಸೋಮವಾರದ ಪಾಠ ಇದರಿಂದಲೇ ಶುರು ಮಾಡುತ್ತೇನೆ, ಗುಲಾಬಿ ಆಮೇಲೆ.